ಜೇಡ ಒಂಟಿಯಾಗಿ ಕೂತು ಹೆಣೆಯುವುದು ಏಕೆ

ಭೂಮಿ ಆಗಿನ್ನೂ ಕುಂಬಾರನ ಚಕ್ರದಿಂದ ಇಳಿಸಿದ ಹಸಿ ಮಡಕೆಯ ಹಾಗಿತ್ತು. ಬೆಟ್ಟಗಳು ಪೂರ್ತಿ ಒಣಗಿರಲಿಲ್ಲ. ಯಾವ ಕಡೆ ಹರಿಯಬೇಕೆಂದು ಹಳ್ಳಗಳಿಗೆ ರೂಢಿಯಾಗಿರಲಿಲ್ಲ. ಕಳ್ಳ ಎಂಬ ಮಾತು ಇನ್ನೂ ಯಾರ ಬಾಯಲ್ಲೂ ಹುಟ್ಟಿರಲಿಲ್ಲ.

ಆಗ ಒಂದು ಹಳ್ಳದ ದಡದಲ್ಲಿ ಒಂದು ಈಚಲ ಮರ ಇತ್ತು. ದಿನಾ ಸಂಜೆ ಅಲ್ಲಿ ಮೂವರು ಕೂತು ಹೆಣೆಯುತ್ತಿದ್ದರು. ಒಬ್ಬಳು ಜೇಡ, ಅವಳ ಹೆಸರು ನೂಲವ್ವ. ಇನ್ನೊಬ್ಬ ಗೀಜುಗ ಹಕ್ಕಿ, ಅವನು ಗೀಜಣ್ಣ. ಮತ್ತೊಬ್ಬಳು ಎಲೆ ಹೊಲಿಯುವ ಪುಟ್ಟ ಸಿಂಪಿಗ ಹಕ್ಕಿ, ಟುವ್ವಕ್ಕ.

ಅವರಿಗೆ ಹೆಣಿಗೆ ಕೆಲಸವಲ್ಲ, ಖುಷಿ. ಹೆಣಿಗೆಗಿಂತ ಮಾತೇ ಉದ್ದ.

ಗೀಜಣ್ಣ ಹುಲ್ಲಿನಲ್ಲಿ ಒಂದು ತೋಳು ಹೆಣೆಯುತ್ತಿದ್ದ. ಮಳೆ ಬಂದು ಹೋದರೂ ಅದು ಮುಗಿದಿರಲಿಲ್ಲ.

"ಯಾರ ಅಂಗಿಗಪ್ಪಾ ಈ ತೋಳು?" ಎಂದು ಗಾಳಿ ಕೇಳುತ್ತಿತ್ತು.

"ನನಗೇನು ಗೊತ್ತು? ಮೊದಲು ತೋಳು ಮುಗೀಲಿ. ಆಮೇಲೆ ಕೈ ಇರೋರನ್ನ ಹುಡುಕೋಣ," ಎನ್ನುತ್ತಿದ್ದ ಗೀಜಣ್ಣ.

ಟುವ್ವಕ್ಕ ಬೂರುಗದ ಹತ್ತಿ ಹೊಸೆದು ಎಲೆಗೆ ಎಲೆ ಹೊಲಿಯುತ್ತಿದ್ದಳು. ಮಾತಿನ ಭರದಲ್ಲಿ ಒಮ್ಮೆ ತನ್ನ ಬಾಲವನ್ನೂ ಸೇರಿಸಿ ಹೊಲಿದುಬಿಟ್ಟಳು. ಹಾರಲು ಹೋದರೆ ಕೊಂಬೆಯೂ ಜೊತೆಗೆ ಬಂತು! ಅವತ್ತು ಮೂವರೂ ಹೊಟ್ಟೆ ಹಿಡಿದು ನಕ್ಕರು. ಹಳ್ಳವೂ ಕಲ್ಲಿಗೆ ಬಡಿದು ಬಡಿದು ನಕ್ಕಿತು.

ನೂಲವ್ವನ ಹೆಣಿಗೆ ಎಲ್ಲಕ್ಕಿಂತ ನಯ. ದುಂಡಗಿನ ಶಾಲು. ಅಷ್ಟು ತೆಳು, ಅಷ್ಟು ಚಂದ. ಮುಗಿದ ಮೇಲೆ ಈಚಲ ಮರದ ಎರಡು ಗರಿಗಳ ನಡುವೆ ಅದನ್ನು ಕಟ್ಟಿ, ಪಕ್ಕದಲ್ಲೇ ಮಲಗುತ್ತಿದ್ದಳು.

ಒಂದು ಬೆಳಿಗ್ಗೆ ಎದ್ದು ನೋಡಿದಳು. ಶಾಲು ಇರಲಿಲ್ಲ.

"ಗಾಳೀ, ನೀನು ಹಾರಿಸಿದ್ಯಾ?"

"ಇಲ್ಲವ್ವಾ. ನಾನು ನಿನ್ನೆ ಬೆಟ್ಟದ ಆಚೆ ಇದ್ದೆ."

ಇರಲಿ ಎಂದು ನೂಲವ್ವ ಇನ್ನೊಂದು ಹೆಣೆದಳು. ಮರುದಿನ ಅದೂ ಇಲ್ಲ. ಮತ್ತೊಂದು ಹೆಣೆದಳು. ಅದೂ ಇಲ್ಲ.

ನೂಲವ್ವನ ಎದೆಯಲ್ಲಿ ಏನೋ ಒಂದು ಸಣ್ಣಗೆ ಗಂಟು ಬಿತ್ತು.

ಗಾಳಿ ಅಲ್ಲ ಅಂದರೆ ಮತ್ತ್ಯಾರು? ಇಲ್ಲಿಗೆ ಬರುವವರು ಯಾರು? ನನ್ನ ಶಾಲು ನೋಡಿ "ಅಬ್ಬಾ" ಎಂದವರು ಯಾರು?

ಆ ಸಂಜೆ ಅವಳು ಹೆಣೆಯಲಿಲ್ಲ, ನೋಡಿದಳು. ಟುವ್ವಕ್ಕನ ಎಲೆಯಲ್ಲಿ ಹೊಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಹತ್ತಿ ಇಷ್ಟು ಹೊಳೆಯುತ್ತದೆಯೇ? ಗೀಜಣ್ಣನ ತೋಳು ನಡುವೆ ಉಬ್ಬಿತ್ತು. ಒಳಗೆ ಏನೂ ಇಲ್ಲದಿದ್ದರೆ ಉಬ್ಬುವುದು ಯಾಕೆ?

ಗೀಜಣ್ಣ ಒಂದು ತಮಾಷೆ ಹೇಳಿದ. ಟುವ್ವಕ್ಕ ನಕ್ಕಳು. ನೂಲವ್ವ ನಗಲಿಲ್ಲ. ಇವರು ನಗುತ್ತಿರುವುದು ತಮಾಷೆಗೋ, ನನಗೋ?

ಮಾರನೆಯ ದಿನ ಅವಳು ಇಬ್ಬರಿಗೂ ಬೆನ್ನು ಮಾಡಿ ಕೂತು ಹೆಣೆದಳು. ಆದರೆ ಜೇಡಕ್ಕೆ ಕಣ್ಣು ಬಹಳ ಅಲ್ಲವೇ? ಬೆನ್ನು ಮಾಡಿಯೂ ನೋಡುತ್ತಲೇ ಇದ್ದಳು. ಹಿಂದೆ ಪಿಸುಪಿಸು ಕೇಳಿಸಿತು. ಸರಕ್ಕನೆ ತಿರುಗಿದಳು. ಪಿಸುಪಿಸು ನಿಂತಿತು.

"ಏನು ಮಾತಾಡ್ತಿದ್ರಿ?"

"ಏನಿಲ್ಲ," ಎಂದ ಗೀಜಣ್ಣ.

"ಏನಿಲ್ಲವ್ವಾ," ಎಂದಳು ಟುವ್ವಕ್ಕ.

ಪಾಪ, ನೂಲವ್ವ ಯಾಕೆ ಸೊರಗಿದ್ದಾಳೆ, ಅವಳನ್ನು ಹೇಗೆ ನಗಿಸೋಣ ಎಂದು ಅವರು ಮಾತಾಡಿಕೊಳ್ಳುತ್ತಿದ್ದರು. ನೂಲವ್ವನಿಗೆ ಕೇಳಿಸಿದ್ದು ಮಾತ್ರ "ಏನಿಲ್ಲ." ಏನಿಲ್ಲ ಎನ್ನುವವರ ಬಳಿಯೇ ಎಲ್ಲವೂ ಇರುತ್ತದೆ ಎಂದುಕೊಂಡಳು.

ಮತ್ತೊಂದು ಬೆಳಿಗ್ಗೆ. ಮತ್ತೆ ಶಾಲು ಇಲ್ಲ.

ಅವತ್ತು ಸಂಜೆ ನೂಲವ್ವ ಮರದ ಬುಡದಲ್ಲಿ ನಿಂತು, ಇಡೀ ದಡಕ್ಕೆ ಕೇಳುವ ಹಾಗೆ ಕೂಗಿದಳು. "ನಿಮ್ಮಲ್ಲಿ ಒಬ್ಬರು ಕಳ್ಳರು!"

ಹೊಸ ಮಾತು. ಹಳ್ಳ ಒಂದು ಕ್ಷಣ ಹರಿಯುವುದನ್ನೇ ಮರೆತು ನಿಂತಿತು.

"ಹಂಗಂದ್ರೇನು?" ಎಂದಳು ಟುವ್ವಕ್ಕ.

"ಇನ್ನೊಬ್ಬರ ಹೆಣಿಗೆ ತಗೊಂಡು ಏನಿಲ್ಲ ಅನ್ನೋರು! ಗೀಜಣ್ಣ, ಆ ತೋಳು ಬಿಚ್ಚು. ಒಳಗೇನಿದೆ ನೋಡಬೇಕು."

"ನೂಲವ್ವಾ, ಮಳೆಗಾಲದಿಂದ ಹೆಣೀತಿದೀನಿ ಇದನ್ನ."

"ಏನೂ ಇಲ್ಲದಿದ್ರೆ ಬಿಚ್ಚೋಕೆ ಭಯ ಯಾಕೆ?"

ಗೀಜಣ್ಣ ಕೊಕ್ಕಿನಿಂದ ಒಂದು ಹುಲ್ಲೆಳೆ ಎಳೆದ. ಇನ್ನೊಂದು ಎಳೆದ. ಎಳೆಯುತ್ತಲೇ ಹೋದ. ತೋಳು ಪೂರ್ತಿ ಬಿಚ್ಚಿ ನೆಲದ ಮೇಲೆ ಹುಲ್ಲಿನ ರಾಶಿಯಾಯಿತು. ಒಳಗೆ ಏನೂ ಇರಲಿಲ್ಲ. ಬರೀ ಗಾಳಿ ಇತ್ತು, ಅದೂ ತಲೆ ತಗ್ಗಿಸಿಕೊಂಡು ಹೊರಗೆ ಬಂತು.

"ನೋಡಿದ್ಯಾ?" ಎಂದ ಗೀಜಣ್ಣ.

ನೂಲವ್ವ ತಪ್ಪಾಯಿತು ಎನ್ನಬಹುದಿತ್ತು. ಅವಳ ಬಾಯಿಂದ ಬಂದದ್ದು ಬೇರೆ. "ಹಾಗಾದ್ರೆ ಟುವ್ವಕ್ಕ ಇರಬೇಕು."

ಟುವ್ವಕ್ಕ ಮೊದಲ ಸಲ ಮಾತಿಲ್ಲದೆ ಹಾರಿಹೋದಳು. ಗೀಜಣ್ಣನೂ ಹೋದ. ಈಚಲ ಮರದ ಕೆಳಗೆ ಹುಲ್ಲಿನ ರಾಶಿ ಉಳಿಯಿತು, ನೂಲವ್ವ ಉಳಿದಳು.

"ಹೋಗಲಿ. ಕಳ್ಳರು ಇವತ್ತೂ ಬಂದೇ ಬರ್ತಾರೆ," ಎಂದುಕೊಂಡಳು.

ಅವಳು ಹೊಸ ಶಾಲು ಹೆಣೆದಳು. ಈ ಸಲ ಪಕ್ಕದಲ್ಲಿ ಮಲಗಲಿಲ್ಲ. ಶಾಲಿನ ನಟ್ಟನಡುವೆ ಕೂತು, ಒಂದೊಂದು ಎಳೆಯ ಮೇಲೆ ಒಂದೊಂದು ಕಾಲು ಇಟ್ಟಳು. ಯಾರು ಮುಟ್ಟಿದರೂ ಕಾಲಿಗೆ ತಿಳಿಯಬೇಕು. ಎಲೆ ಉದುರಿದರೆ ಬೆಚ್ಚಿದಳು. ಇಬ್ಬನಿ ಬಿದ್ದರೆ ಬೆಚ್ಚಿದಳು.

ಬೆಳಕು ಹರಿಯುವ ಹೊತ್ತಿಗೆ ಹೊಟ್ಟೆ ಹಸಿದಿತ್ತು, ರೆಪ್ಪೆಯಿಲ್ಲದ ಕಣ್ಣುಗಳಿಗೂ ಮಂಪರು ಹತ್ತಿತ್ತು.

"ನೂಲವ್ವಾ," ಎಂದು ಕೆಳಗಿನಿಂದ ಹಳ್ಳ ಮೆಲ್ಲಗೆ ಕರೆಯಿತು. "ಬಾಯಲ್ಲಿ ಏನದು?"

ನೂಲವ್ವ ಎಚ್ಚೆತ್ತಳು. ಅವಳ ಬಾಯಲ್ಲಿ ಎಳೆ ಇತ್ತು. ಬಿಳಿಯ, ನಯವಾದ ಎಳೆ. ಅರ್ಧ ಶಾಲು ಆಗಲೇ ಹೊಟ್ಟೆಯೊಳಗಿತ್ತು.

ಅವಳು ಎಳೆಯನ್ನು ಬಾಯಿಂದ ಕೆಳಗೆ ಬಿಟ್ಟಳು.

"ದಿನಾ ಹೀಗೇನಾ?"

"ದಿನಾ. ಮಂಪರಿನಲ್ಲಿ ಎದ್ದು ತಿಂತೀಯ, ಮತ್ತೆ ಮಲಗ್ತೀಯ."

"ಮೊದಲೇ ಯಾಕೆ ಹೇಳಲಿಲ್ಲ?"

"ಬರೀ ಆಟ ಅಂದ್ಕೊಂಡಿದ್ದೆ. ನೀನು ಕೂಗಾಡಿದ ಮೇಲೆ ಹೆದರಿಕೆಯಾಯ್ತು. ನನ್ನನ್ನೂ ಕಳ್ಳಿ ಅಂದ್ಬಿಟ್ರೆ?"

ನೂಲವ್ವ ಅಳುತ್ತಾ ಗೀಜಣ್ಣನನ್ನು ಹುಡುಕಿಕೊಂಡು ಹೋದಳು. ಅವನು ನೀರಿನ ಮೇಲೆ ಬಾಗಿದ ಕೊಂಬೆಯ ತುದಿಯಲ್ಲಿ, ತನ್ನ ಬಳಗದ ನಡುವೆ, ಹೊಸದೊಂದು ಗೂಡನ್ನು ಹೆಣೆಯುತ್ತಿದ್ದ. ಯಾರೂ ಒಳಗೆ ಇಣುಕದ ಹಾಗೆ ಬಾಗಿಲು ಕೆಳಗಡೆ ಇಟ್ಟಿದ್ದ.

"ಗೀಜಣ್ಣಾ, ತಪ್ಪಾಯ್ತು. ತಿಂದದ್ದು ನಾನೇ."

"ಆಯ್ತು," ಎಂದ ಅವನು. ಅಷ್ಟೇ. ಕೆಳಗೆ ಇಳಿದು ಬರಲಿಲ್ಲ. ಅವನ ಬಳಗದವರು ಮಾತ್ರ ಎಲ್ಲರೂ ಒಟ್ಟಿಗೆ ಕಿಚಿಕಿಚಿ ಎಂದರು.

ಟುವ್ವಕ್ಕ ಪೊದೆಯೊಳಗೆ ಕೂತಿದ್ದಳು. ನೂಲವ್ವನ ಮಾತನ್ನು ಪೂರ್ತಿ ಕೇಳಿದಳು. ಗಂಭೀರವಾಗಿರಲು ನೋಡಿದಳು, ಆಗಲಿಲ್ಲ.

"ನಿನ್ನ ಶಾಲು ನೀನೇ ತಿಂದ್ಯಾ? ರುಚಿಯಾಗಿತ್ತೇನೇ?" ಎಂದು ಬಾಲ ಕುಣಿಸುತ್ತಾ ನಕ್ಕಳು.

ನೂಲವ್ವನಿಗೆ ಅಳುವಿನ ನಡುವೆಯೇ ನಗು ಬಂತು. "ಬಾರೆ, ಮೊದಲಿನ ಹಾಗೆ ಕೂತ್ಕೊಳ್ಳೋಣ," ಎಂದಳು ಟುವ್ವಕ್ಕ.

ಕೂತರು. ಆದರೆ ಟುವ್ವಕ್ಕನ ರೆಕ್ಕೆ ತಾಗಿ ಒಂದು ಎಳೆ ಅಲುಗಿದ್ದೇ ತಡ, ನೂಲವ್ವನ ಎಂಟು ಕಾಲೂ ಧಡಕ್ಕನೆ ಎದ್ದವು. ಅವಳ ಮನಸ್ಸು ನಂಬಿತ್ತು, ಕಾಲುಗಳು ನಂಬಿರಲಿಲ್ಲ. ಮತ್ತೆ ಅಲುಗಿತು, ಮತ್ತೆ ಎದ್ದವು. ಅವಳಿಗೆ ನಾಚಿಕೆಯಾಯಿತು.

"ನನ್ನ ಕಾಲು ಕೆಟ್ಟುಹೋಗಿವೆ ಟುವ್ವಕ್ಕಾ. ನಾನು ಒಬ್ಬಳೇ ಹೆಣೀತೀನಿ. ಆದರೆ ನಿನಗೆ ನೂಲು ಬೇಕಾದಾಗ ಬಾ. ಕೇಳಬೇಡ, ತಗೊಂಡು ಹೋಗು. ನಾನು ಯಾಕೆ ಅನ್ನಲ್ಲ."

ಇವತ್ತಿಗೂ, ಕಂದಾ, ಗೀಜುಗಗಳು ಕೆಳಬಾಗಿಲಿನ ಗೂಡುಗಳನ್ನು ಗುಂಪಾಗಿ, ಗಲಾಟೆ ಮಾಡುತ್ತಾ ಹೆಣೆಯುತ್ತವೆ. ಜೇಡ ತನ್ನ ಹಳೆಯ ಬಲೆಯನ್ನು ತಾನೇ ತಿಂದು, ಹೊಸದನ್ನು ಒಂಟಿಯಾಗಿ ಹೆಣೆದು, ಎಳೆಗಳ ಮೇಲೆ ಕಾಲಿಟ್ಟು ಯಾರು ಬಂದರೆಂದು ಕಾಯುತ್ತದೆ. ಎಲೆ ಹೊಲಿಯುವ ಪುಟ್ಟ ಹಕ್ಕಿ ಬಂದು ಬಲೆಯ ಎಳೆಯನ್ನೇ ಕಿತ್ತುಕೊಂಡು ಹಾರುವಾಗ ಮಾತ್ರ ಒಂದು ಮಾತೂ ಆಡದೆ ಸುಮ್ಮನೆ ಕೂತಿರುತ್ತದೆ.