ಸಿಂಹದ ಗಂಟೆ

ಸಿಂಹದ ಗುಹೆಗೆ ಕರಡಿಯ ಕಾವಲು. "ಕೊರಳಲ್ಲಿ ನನ್ನ ಗಂಟೆ ಇದ್ದವರನ್ನು ಮಾತ್ರ ಒಳಗೆ ಬಿಡು, ಅವರು ಹೇಳಿದ್ದು ಮಾಡು. ಮುಖ ನೋಡುತ್ತ ಕೂರಬೇಡ" ಎಂದು ಸಿಂಹ ಕಟ್ಟಪ್ಪಣೆ ಮಾಡಿತ್ತು.

ಸಿಂಹ ಸ್ನಾನಕ್ಕೆ ಹೋದಾಗ ಆ ಗಂಟೆ ಕಟ್ಟಿಕೊಂಡು ಗುಹೆ ಗುಡಿಸುವುದು ಹೆಗ್ಗಣದ ಕೆಲಸ. ಗುಡಿಸಿಯಾದ ಮೇಲೆ ಗಂಟೆಯನ್ನು ಬಾಗಿಲ ಗೂಟಕ್ಕೆ ತೂಗುಹಾಕಬೇಕು. ಹಾಕಿತೋ ಇಲ್ಲವೋ ನೋಡು ಎಂದು ಯಾರಿಗೂ ಹೇಳಿರಲಿಲ್ಲ.

ಒಂದು ದಿನ ಹೆಗ್ಗಣ ಗುಡಿಸಿ ಮುಗಿಸಿ, ಗಂಟೆಯ ಸಮೇತ ಸಿಂಹಾಸನ ಹತ್ತಿ ಕೂತಿತು.

ಸಿಂಹ ಮಿಂದು ಬಂದು ನೋಡಿದರೆ ಗೂಟ ಬರಿದು. ಕರಡಿ ಅಡ್ಡ ನಿಂತಿತು. "ಗಂಟೆ ಎಲ್ಲಿ?"

"ಕಣ್ಣು ಕಾಣುವುದಿಲ್ಲವೇ? ನಾನೇ ಸಿಂಹ!"

"ಮುಖ ನೋಡಬಾರದೆಂದು ಸಿಂಹದ ಅಪ್ಪಣೆ."

ಒಳಗೆ ಗಂಟೆ ಕಿಣಿಗುಟ್ಟಿತು. "ಏನದು ಗದ್ದಲ? ಓಡಿಸು ಅವನನ್ನ!"

ದನಿ ಕೀಚಲಾಗಿದೆ ಎಂದು ಕರಡಿಗೆ ಅನ್ನಿಸದೆ ಇರಲಿಲ್ಲ. ಆದರೂ "ಅಪ್ಪಣೆ, ಪ್ರಭು" ಎಂದು ಒಳಗಡೆಗೆ ತಲೆಬಾಗಿ, ಸಿಂಹದ ಮೇಲೆ ಪಂಜಾ ಎತ್ತಿತು.