ಟಿಟ್ಟಿಭದ ಕಣ್ಣಂಚು ಕೆಂಪಾದದ್ದು

ಲೋಕ ಇನ್ನೂ ಹಸಿಹಸಿಯಾಗಿತ್ತು, ಮಕ್ಕಳೇ. ಹೊಳೆಗೆ ತನ್ನ ದಾರಿಯೇ ಸರಿಯಾಗಿ ಗೊತ್ತಿರಲಿಲ್ಲ. ಇವತ್ತು ಇಲ್ಲಿ ಹರಿದರೆ ನಾಳೆ ಅಲ್ಲಿ.

ಆ ಹೊಳೆಯ ದಂಡೆಯಲ್ಲಿ ಒಂದು ಶಾಲೆ ಇತ್ತು. ಗೋಡೆ ಇಲ್ಲ, ಸೂರು ಇಲ್ಲ, ಉಸುಕೇ ಚಾಪೆ. ಟಿಟ್ಟಿಭ ಹಕ್ಕಿ ಅಲ್ಲಿ ಪಾಠ ಹೇಳುತ್ತಿದ್ದಳು. ಆಗ ಅವಳ ದನಿ ಬಲು ಮೆದು. ನೀರುನಾಯಿಯ ಮರಿ, ಆಮೆಯ ಮರಿ, ಊರಿನ ರೈತ ಬಸಲಿಂಗನ ಮಗಳು ಸಣ್ಣೀರವ್ವ, ಎಲ್ಲರಿಗೂ ಅವಳು ಅಕ್ಕೋರು.

"ಮೊದಲು ನೋಡ್ರಿ, ಆಮೇಲೆ ಕಾಲಿಡ್ರಿ. ಇಲ್ಲಿ ಕಲ್ಲಿನಂಗ ಕಾಣೋದೆಲ್ಲ ಕಲ್ಲಲ್ಲ," ಅನ್ನುತ್ತಿದ್ದಳು.

ನಿಜವೇ. ಬೆಣಚುಕಲ್ಲುಗಳ ನಡುವೆ ಅವಳ ಮೊಟ್ಟೆಗಳಿದ್ದವು, ಕಲ್ಲುಗಳಂತೆಯೇ ಚುಕ್ಕೆಚುಕ್ಕೆ. ಮಕ್ಕಳು ಅವನ್ನು ತುಳಿಯದೆ ಬಳಸಿ ನಡೆಯುತ್ತಿದ್ದರು.

ಒಂದು ಮಧ್ಯಾಹ್ನ ಅಕ್ಕೋರು ಮೇವಿಗೆ ಹೋಗಿದ್ದಾಗ ಬಸಲಿಂಗ ಬಂಡಿ ಹೊಡೆದುಕೊಂಡು ಬಂದ. ಹೊಸ ಮನೆಗೆ ಉಸುಕು ಬೇಕಿತ್ತು.

"ಅಪ್ಪಾ, ಅಲ್ಲಿ ಅಗೀಬ್ಯಾಡ! ನಮ್ಮ ಅಕ್ಕೋರ ತತ್ತಿ ಅದಾವ!" ಸಣ್ಣೀರವ್ವ ಸಲಿಕೆ ಹಿಡಿದು ಜಗ್ಗಿದಳು.

"ಉಸುಕಿನಾಗ ಉಸುಕ ಇರತೈತಿ. ಸರಿ ಆಕಡೆ."

ಬಗ್ಗಿ ಕೂಡ ನೋಡಲಿಲ್ಲ ಆ ಮನುಷ್ಯ! ಬಂಡಿ ತುಂಬಿಸಿದ, ಹೊರಟ.

ಟಿಟ್ಟಿಭ ಮರಳಿ ಬಂದರೆ, ಗೂಡಿದ್ದಲ್ಲಿ ಗುಂಡಿ. ಗುಂಡಿಯಲ್ಲಿ ಕೆಸರುನೀರು. ಬಂಡಿಯ ಜಾಡು ಹಿಡಿದು ಹಾರಿ ಬಸಲಿಂಗನ ಅಂಗಳಕ್ಕೆ ಬಂದಳು.

"ನನ್ನ ತತ್ತಿ ಎಲ್ಲಿಟ್ಟಿ?"

"ಯಾವ ತತ್ತಿ? ನಾ ತಂದಿದ್ದು ಉಸುಕು."

"ಯಾರನ್ನ ಕೇಳಿ ತಂದಿ?"

"ಕೇಳೋದೇನು? ಹೊಳಿಗೆ ಮಾಲಕರು ಅದಾರೇನು?"

ದೂರದಿಂದ ಹೊಳೆ ಕೂಗಿತು: "ಗುಡ್ಡ ತಿಕ್ಕಿ ತಿಕ್ಕಿ ಆ ಉಸುಕು ಮಾಡಿದಾಕಿ ನಾನು. ನನ್ನ ಯಾಕ ಕೇಳಲಿಲ್ಲ?"

ಬಸಲಿಂಗ ಬೆನ್ನು ತಿರುಗಿಸಿದ.

ಸಣ್ಣೀರವ್ವ ಉಸುಕಿನ ರಾಶಿಯನ್ನು ಬರಿಗೈಯಲ್ಲಿ ಕೆದಕಿದಳು. ಉಗುರು ಒಡೆದರೂ ಬಿಡಲಿಲ್ಲ. ಸಿಕ್ಕಿದ್ದು ಒಡೆದ ಚಿಪ್ಪು. ಅಂಗೈ ಚಾಚಿ ತೋರಿಸಿದಳು.

ಟಿಟ್ಟಿಭದ ಕಣ್ಣಂಚಿಗೆ ಸಿಟ್ಟು ಏರಿತು, ಕೆಂಪಗೆ. ಏರಿದ ಕೆಂಪು ಇಳಿಯಲೇ ಇಲ್ಲ. ಮೆದು ದನಿ ಹರಿದುಹೋಯಿತು.

"ಎಲ್ಲಿಟ್ಟೀ? ಎಲ್ಲಿಟ್ಟೀ? ಎಲ್ಲಿಟ್ಟಿಟ್ಟಿಟ್ಟೀ?"

"ಒಂದು ಬಂಡಿ ಉಸುಕಿಗೆ ಇಷ್ಟು ರಂಪೇನು!" ಎಂದು ಬಸಲಿಂಗ ಕಿವಿ ಮುಚ್ಚಿಕೊಂಡ. ನಾಚಿಕೆಯೇ ಇಲ್ಲ! ಮರುದಿನ ಅವನನ್ನು ನೋಡಿ ನೆರೆಯವನೂ ಬಂಡಿ ಹೂಡಿದ.

ಸಣ್ಣೀರವ್ವ ಅಪ್ಪನ ಉಸುಕಿನ ರಾಶಿಯ ಕಡೆ ತಿರುಗಿಯೂ ನೋಡಲಿಲ್ಲ. ದಂಡೆಗೆ ಓಡಿ, ಎತ್ತುಗಳ ಮುಂದೆ ಎರಡೂ ಕೈ ಚಾಚಿ ನಿಂತಳು. ಅವಳ ತಲೆಯ ಮೇಲೆ ಅಕ್ಕೋರು ಸುತ್ತಿ ಸುತ್ತಿ ಕೂಗಿದಳು. ಆ ದಿನ ಬಂಡಿ ಬರಿದಾಗಿಯೇ ಹಿಂದಿರುಗಿತು.

ಅದಕ್ಕೇ, ನೀವು ಪಾಠಕ್ಕೆಂದು ಹೊಳೆದಂಡೆಗೆ ಇಳಿದ ಕೂಡಲೇ ಕೆಂಪು ಕಣ್ಣಂಚಿನ ಆ ಹಕ್ಕಿ ನೆಲ ಬಿಟ್ಟೆದ್ದು, ನಿಮ್ಮನ್ನೂ ಬಿಡದೆ, ಇವತ್ತಿಗೂ "ಎಲ್ಲಿಟ್ಟೀ?" ಎಂದು ಗದರಿಸಿ ಕೇಳುತ್ತಾಳೆ. ಉತ್ತರ ಕೊಟ್ಟ ಮನುಷ್ಯ ಇನ್ನೂ ಒಬ್ಬನೂ ಇಲ್ಲ.