ಪಲ್ಲಕ್ಕಿಯ ಹತ್ತಾಣೆ ಪಾಲು

"ಚೌಕಾಸಿಯಲ್ಲಿ ನನ್ನನ್ನು ಮೀರಿಸುವವನು ಇದ್ದರೆ ಬರಲಿ, ಮಹಾಪ್ರಭು!" ಅಂತ ಅಡಿವೆಪ್ಪ ಸಾಹುಕಾರ ಹೊಂಬಾಳೆಪುರದ ಆಸ್ಥಾನದಲ್ಲಿ ಎದೆ ತಟ್ಟಿಕೊಂಡ.

ಅವನ ಪಕ್ಕದಲ್ಲೇ ಪಲ್ಲಕ್ಕಿ ಹೊರುವ ಓಬಯ್ಯ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದ. ಊರಿನ ಬಾಡಿಗೆ ಪಲ್ಲಕ್ಕಿಯಲ್ಲಿ ಸಾಹುಕಾರನದು ಹತ್ತಾಣೆ ಪಾಲು. ಹೊರುವ ಆರು ಜನರದು ತಲಾ ಒಂದಾಣೆ.

"ದೊಡ್ಡ ಪಾಲಿನವನ ಮಾತೇ ಕೊನೆ ಅಂತ ಪಲ್ಲಕ್ಕೀನೇ ಮಾರಿಬಿಟ್ಟರು ಬುದ್ಧಿ. ಒಂದು ಕುಂಬಳಕಾಯಿಗೆ! ಇನ್ನು ನಮ್ಮ ಆರು ಮನೆ ಒಲೆ ಉರಿಯೋದು ಹೇಗೆ?"

"ಮಾರಿದ್ದು ಯಾರಿಗೆ?" ರಾಜ ಕೇಳಿದ.

"ನನಗೇ, ಪ್ರಭು," ಅಂದ ಸಾಹುಕಾರ. "ಸುಮ್ಮನೆ ಅಲ್ಲ! ಜಗಲಿಯ ಈ ತುದಿಯಲ್ಲಿ ಕೂತು 'ಮುನ್ನೂರು ವರಹ' ಅಂದೆ. ಎದ್ದು ಆ ತುದಿಗೆ ಹೋಗಿ 'ಥೂ, ದುಬಾರಿ' ಅಂದೆ. ನಾನೂ ಜಗ್ಗಲಿಲ್ಲ, ನಾನೂ ಬಿಡಲಿಲ್ಲ. ಒಮ್ಮೆಯಂತೂ ಸಿಟ್ಟಾಗಿ ಹೊರಟೇಬಿಟ್ಟಿದ್ದೆ. ನಾನೇ ಓಡಿಹೋಗಿ ಸಮಾಧಾನ ಮಾಡಿ ಕರಕೊಂಡು ಬಂದೆ."

"ದೊಡ್ಡ ಪಾಲಿನವನೇ ಒಪ್ಪಿ ಮಾರಿದ ಮೇಲೆ ನಾನೇನು ಮಾಡಲಿ?" ಅಂತ ರಾಜ ತಲೆ ಕೆರೆದುಕೊಂಡ. ಓಬಯ್ಯನ ಮುಖ ಬಾಡಿತು. ವಿದೂಷಕ ಸಿಂಗಪ್ಪಯ್ಯ ಒಂದೇ ನೆಗೆತಕ್ಕೆ ಬಂದು ಸಾಹುಕಾರನನ್ನು ತಬ್ಬಿಕೊಂಡು ಗೊಳೋ ಅಂತ ಅತ್ತ.

"ಅಯ್ಯೋ ಸಾಹುಕಾರ್ರೇ! ಹಾಡಹಗಲೇ ನಿಮ್ಮನ್ನು ದೋಚಿಬಿಟ್ಟನಲ್ಲಾ ಆ ಪಾಪಿ!"

"ಯಾರು?"

"ಪಲ್ಲಕ್ಕಿ ಕೊಂಡವನು! ಮುನ್ನೂರು ವರಹದ ಮಾಲಿಗೆ ಕುಂಬಳಕಾಯಿ ಕೊಟ್ಟು ನಿಮ್ಮ ಹತ್ತಾಣೆಯನ್ನೂ ನುಂಗಿದ. ಪ್ರಭು, ಅವನಿಗೆ ಐವತ್ತು ಛಡಿ ಏಟು ಹಾಕಿಸಿ!"

ಸಾಹುಕಾರ ಬೆವೆತುಹೋದ. "ಇಲ್ಲ ಇಲ್ಲ, ಮೋಸವೇನಿಲ್ಲ! ಮಾರಿದವನು ಖುಷಿಯಿಂದಲೇ ಮಾರಿದಾನೆ!"

"ಓಹೋ, ಹಾಗೋ ಸಮಾಚಾರ! ಇಬ್ಬರೂ ಸೇರಿಕೊಂಡೇ ಈ ಬಡವರ ಬಾಯಿಗೆ ಮಣ್ಣು ಹಾಕಿದಾರೆ. ಹಾಗಾದರೆ ಕೊಂಡವನಿಗೆ ಐವತ್ತು, ಮಾರಿದವನಿಗೆ ಐವತ್ತು."

ರಾಜ ನಗು ತಡೆದುಕೊಂಡು ಕೈಸನ್ನೆ ಮಾಡಿದ. ಛಡಿಯವನು ಬಂದು ಸಾಹುಕಾರನನ್ನು ಬಗ್ಗಿಸಿ ನಿಲ್ಲಿಸಿದ.

"ವ್ಯಾಪಾರ ರದ್ದು! ಪಲ್ಲಕ್ಕಿ ವಾಪಸ್ಸು!" ಸಾಹುಕಾರ ಕಿರುಚಿದ.

"ತಡೀರಿ," ಅಂದ ಸಿಂಗಪ್ಪಯ್ಯ. "ಎರಡೂ ಕಡೆ ನೀವೇ ಇರುವಾಗ ನಿಮ್ಮ ಮಾತು ಲೆಕ್ಕಕ್ಕಿಲ್ಲ. ಮಿಕ್ಕ ಆರಾಣೆಯವರು ಹೇಳಬೇಕು. ಏನಪ್ಪಾ ಓಬಯ್ಯ, ರದ್ದು ಮಾಡೋಣವೋ, ಏಟೇ ಬೀಳಲೋ?"

ಓಬಯ್ಯ ಛಡಿಯನ್ನು ನೋಡಿದ, ಸಾಹುಕಾರನ ಬೆನ್ನನ್ನು ನೋಡಿದ. ಆರಾಮಾಗಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತ.

"ಇಷ್ಟು ವರ್ಷದಲ್ಲಿ ನನ್ನನ್ನು ಒಂದು ಮಾತು ಕೇಳಿದ್ದು ಇದೇ ಮೊದಲು ಬುದ್ಧಿ. ಮಿಕ್ಕ ಐದು ಜನರನ್ನೂ ಕರೆಸಿ, ನಿಧಾನಕ್ಕೆ ಯೋಚನೆ ಮಾಡಿ ಹೇಳ್ತೀವಿ. ಅಲ್ಲೀವರೆಗೆ ಸಾಹುಕಾರರು ಹಾಗೇ ಬಗ್ಗಿರಲಿ."